ಮನುಕುಲ ಎಂದರೆ ಯಾರ ಕುಲ?

ಲೋಕ ಮುಳುಗುತ್ತದೆ ಎಂದು ಯಾರಾದರೂ ಕೂಗಿದರೆ ನೀರು ಎಲ್ಲಿಯತನಕ ಬಂದಿದೆ ಎಂದು ನೋಡಬೇಕು. ಜೊತೆಗೇ, ಕೂಗುತ್ತಿರುವವನು ಎಲ್ಲಿ ನಿಂತಿದ್ದಾನೆ ಎಂದೂ ನೋಡಬೇಕು. ಎರಡರಲ್ಲಿ ಒಂದನ್ನೇ ನೋಡಿದವರು ಮೋಸ ಹೋಗಿದ್ದಾರೆ. ನಮ್ಮ ಪುರಾಣಗಳನ್ನೇ ತೆಗೆದುಕೊಳ್ಳಿ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಋಷಿ ಧರ್ಮರಾಯನಿಗೆ ಕಲಿಯುಗದ ಕೊನೆ ಹೇಗಿರುತ್ತದೆ ಎಂದು ವರ್ಣಿಸುತ್ತಾನೆ. ಮಳೆ ಕೈಕೊಡುತ್ತದೆ, ಬೆಳೆ ಒಣಗುತ್ತದೆ, ಆಯುಷ್ಯ ಕುಗ್ಗುತ್ತದೆ. ಸರಿ, ಇವು ಯಾರಿಗಾದರೂ ಭಯವೇ. ಆದರೆ ಅದೇ ಪಟ್ಟಿಯಲ್ಲಿ ಶೂದ್ರರು ಧರ್ಮ ಹೇಳುತ್ತಾರೆ, ಬ್ರಾಹ್ಮಣರು ಕೂತು ಕೇಳುತ್ತಾರೆ ಎಂಬುದೂ ಬರುತ್ತದೆ. ಬರಗಾಲವೂ ಪ್ರಳಯದ ಗುರುತು, ಶೂದ್ರ ಬಾಯಿ ಬಿಟ್ಟರೆ ಅದೂ ಪ್ರಳಯದ ಗುರುತು! ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನನ್ನು ನಡುಗಿಸುವ ಕುಲಕ್ಷಯದ ಭಯವೂ ಕೊನೆಗೆ ಹೋಗಿ ಮುಟ್ಟುವುದು ವರ್ಣಸಂಕರಕ್ಕೇ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಕೆರೆ ಬತ್ತಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಮೇಲುಜಾತಿಯವರು ಮಾತ್ರ ತಮ್ಮ ಲೋಕ ಮುಳುಗಿತೆಂದು ಸಗಣಿ ಗಂಜಲ ಸುರಿದು ಕೆರೆಯನ್ನು ಶುದ್ಧಿ ಮಾಡಿಕೊಂಡರು.

ಇದಕ್ಕೆ ಎದುರಾದ ಇನ್ನೊಂದು ಮಾತೂ ನಮ್ಮಲ್ಲೇ ಇದೆ. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನಗಳಲ್ಲೂ ಲೋಕ ಕೆಡುತ್ತದೆ. ಆದರೆ ಕೆಟ್ಟ ಮೇಲೆ ವೀರ ವಸಂತರಾಯ ಬರುತ್ತಾನೆ, ಹಾಳಾದ ಕಲ್ಯಾಣ ಮತ್ತೆ ಎದ್ದು ನಿಲ್ಲುತ್ತದೆ. ಮೇಲೆ ಕೂತವನಿಗೆ ಕೊನೆ ಅಂದರೆ ಕೈಲಿರುವುದು ಹೋಗುವುದು. ಕೆಳಗಿದ್ದವನಿಗೆ ಅದು ಬಾಕಿ ವಸೂಲಿಯ ದಿನ. ಒಂದೇ ಪ್ರಳಯ, ಎರಡು ಸಾಹಿತ್ಯ.

ಇಷ್ಟು ಪೀಠಿಕೆ ಯಾಕೆಂದರೆ, ಈಗ ಮೂರನೆಯ ಒಂದು ಪ್ರಳಯ ಸಾಹಿತ್ಯ ಬಂದಿದೆ. ಇದು ಋಷಿಗಳದ್ದಲ್ಲ, ಜೋಗಿಗಳದ್ದೂ ಅಲ್ಲ, ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞರದ್ದು. ಇವರು ಬಳಸುವ ಮಾತು 'ಅಸ್ತಿತ್ವದ ಅಪಾಯ'. ಅಸ್ತಿತ್ವ ಎಂಬ ಮಾತು ಕನ್ನಡಕ್ಕೆ ಹೊಸದೇನಲ್ಲ. ನವ್ಯರ ಕಾಲದಲ್ಲಿ ಸಾರ್ತ್ರೆ, ಕಾಮು ಓದಿಕೊಂಡ ಕಥಾನಾಯಕರು ತಮ್ಮ ಅಸ್ತಿತ್ವದ ಬಗ್ಗೆ ಎಷ್ಟು ಉಸಿರುಗಟ್ಟಿ ಒದ್ದಾಡಿದರೆಂದರೆ, ಅವರ ಮನೆಯ ಕಸ ಬಳಿಯುವವಳಿಗೂ ಒಂದು ಅಸ್ತಿತ್ವ ಇದ್ದೀತೆಂಬ ಅನುಮಾನವೇ ಅವರಿಗೆ ಬರಲಿಲ್ಲ. ಆಗ ಇಕ್ಕಟ್ಟು ಒಬ್ಬ ವ್ಯಕ್ತಿಯದಾಗಿತ್ತು. ಈಗ ಇಡೀ ಮನುಕುಲದ್ದು ಎನ್ನುತ್ತಾರೆ. ವ್ಯಾಪ್ತಿ ಹಿಗ್ಗಿದೆ, ಒಳ್ಳೆಯದೇ. ಹಿಗ್ಗಿದ ವ್ಯಾಪ್ತಿಯೊಳಗೆ ಕಸ ಬಳಿಯುವವಳು ಬಂದಿದ್ದಾಳೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ನಾವಿಲ್ಲಿ ಮುಖ್ಯವಾಗಿ ನೋಡುತ್ತಿರುವುದು ಟೋಬಿ ಆರ್ಡ್ 2020ರಲ್ಲಿ ಬರೆದ 'ದಿ ಪ್ರೆಸಿಪಿಸ್' ಎಂಬ ಪುಸ್ತಕವನ್ನು. ಪ್ರಪಾತದ ಅಂಚು ಎಂದು ಅದರ ಅರ್ಥ. ಮೊದಲೇ ಹೇಳಿಬಿಡುತ್ತೇವೆ: ಇದು ಎಸೆದುಬಿಡುವ ಪುಸ್ತಕವಲ್ಲ. ಶ್ರೀಮಂತ ದೇಶಗಳ ಹೊಟ್ಟೆ ತುಂಬಿದವರ ಚಟ ಎಂದು ತಳ್ಳಿಹಾಕುವುದು ನಮ್ಮಲ್ಲಿ ಕೆಲವು ಗೆಳೆಯರಿಗೆ ಸುಲಭವಾಗಿ ಕಂಡಿದೆ. ಅದು ಸೋಮಾರಿತನ. ಮನುಷ್ಯ ಸುಮಾರು 2,00,000 ವರ್ಷಗಳಿಂದ ಈ ಭೂಮಿಯ ಮೇಲಿದ್ದಾನೆ. ತನ್ನ ಕೈಯಾರೆ ತನ್ನನ್ನೇ ಪೂರ್ತಿ ಅಳಿಸಿಕೊಳ್ಳುವ ಶಕ್ತಿ ಬಂದದ್ದು 1945ರ ಜುಲೈ 16ರ ನಂತರ. ಆ ಶಕ್ತಿ ಬೆಳೆದಷ್ಟು ವಿವೇಕ ಬೆಳೆದಿಲ್ಲ — ಇದು ಆರ್ಡ್‌ನ ವಾದ. ಮುಂದಿನ 100 ವರ್ಷದಲ್ಲಿ ಮನುಕುಲ ಅಳಿಯುವ, ಅಥವಾ ಮತ್ತೆಂದೂ ಮೇಲೇಳದಂತೆ ಬೀಳುವ ಸಂಭವ 6ರಲ್ಲಿ 1 ಎಂದು ಆತ ಅಂದಾಜು ಕಟ್ಟುತ್ತಾನೆ. ಭೂಮಿಗೆ ದೊಡ್ಡ ಕ್ಷುದ್ರಗ್ರಹ ಬಡಿದು ಸಾಯುವ ಸಂಭವ 10,00,000ಕ್ಕೆ 1. ಅಣುಯುದ್ಧದಿಂದ 1,000ಕ್ಕೆ 1. ಹವಾಮಾನ ಕೆಟ್ಟು ಅಳಿಯುವುದೂ 1,000ಕ್ಕೆ 1. ಪ್ರಯೋಗಶಾಲೆಯಲ್ಲಿ ಕಟ್ಟಿದ ರೋಗಾಣುವಿನಿಂದ 30ಕ್ಕೆ 1. ಮನುಷ್ಯನ ಹಿಡಿತ ತಪ್ಪಿದ ಯಂತ್ರಬುದ್ಧಿಯಿಂದ 10ಕ್ಕೆ 1. ಇವು ಅಳೆದು ತೂಗಿದ ಅಂಕಿಗಳಲ್ಲ, ಅಂದಾಜು ಎಂದು ಆತನೇ ಒಪ್ಪುತ್ತಾನೆ.

ಈ ಪುಸ್ತಕದಲ್ಲಿ ನಮ್ಮನ್ನು ಕಚ್ಚಿದ ಒಂದು ಮಾತಿದೆ. ರೋಗಗಳನ್ನು ಅಸ್ತ್ರವಾಗಿ ಬಳಸುವುದನ್ನು ತಡೆಯಲು ಜಗತ್ತೆಲ್ಲ ಸೇರಿ ಮಾಡಿಕೊಂಡ ಒಪ್ಪಂದದ ಕಚೇರಿಗೆ ವರ್ಷಕ್ಕೆ ಸಿಗುವ ಹಣ, ಒಂದು ಸಾಧಾರಣ ಮ್ಯಾಕ್‌ಡೊನಾಲ್ಡ್ಸ್ ಹೋಟೆಲಿನ ವಹಿವಾಟಿಗಿಂತ ಕಡಿಮೆಯಂತೆ! ಇಂಥದ್ದನ್ನು ಎತ್ತಿ ತೋರಿಸಿದವನನ್ನು ಜನವಿರೋಧಿ ಎನ್ನಲಾಗದು. ಆರ್ಡ್ ತನ್ನ ಸಂಪಾದನೆಯಲ್ಲಿ ಬಡವರಿಗೆ ಪಾಲು ಕೊಡುವವನು. ಕನಿಷ್ಠ 10ರಲ್ಲಿ 1 ಭಾಗ ಕೊಡುತ್ತೇವೆಂದು ಮಾತು ಕೊಡುವವರ ಸಂಘವನ್ನೇ 2009ರಲ್ಲಿ ಕಟ್ಟಿದವನು. ಆದ್ದರಿಂದ ನಮ್ಮ ತಕರಾರು ಮನುಷ್ಯನ ಮೇಲಲ್ಲ, ಬರಹದ ಮೇಲೆ. ಬರಹದೊಳಗಿನ ಒಂದು ರೂಪಕದ ಮೇಲೆ.

ಆರ್ಡ್ ಮನುಕುಲವನ್ನು ಒಬ್ಬ ಹದಿಹರೆಯದ ಹುಡುಗನಿಗೆ ಹೋಲಿಸುತ್ತಾನೆ. ಮೈಯಲ್ಲಿ ಕಸುವು ಬಂದಿದೆ, ತಲೆಯಲ್ಲಿ ಬುದ್ಧಿ ಬಂದಿಲ್ಲ, ಕಾಲುಜಾರಿದರೆ ಮುಂದಿನ ಬಾಳೆಲ್ಲ ಹಾಳು. ಕೇಳಲು ಚೆನ್ನಾಗಿದೆ. ಆದರೆ ಮನುಷ್ಯರೆಲ್ಲ ಸೇರಿ ಒಂದೇ ದೇಹ ಎಂಬ ರೂಪಕ ನಮಗೆ ಬಲು ಹಳೆಯ ಪರಿಚಯ. ಪುರುಷಸೂಕ್ತ ಹೇಳಿದ್ದೂ ಅದನ್ನೇ. ಆ ದೇಹಕ್ಕೆ ಬಾಯಿ ಒಬ್ಬರು, ತೋಳು ಒಬ್ಬರು, ತೊಡೆ ಒಬ್ಬರು, ಪಾದ ಒಬ್ಬರು. ಪಾದಕ್ಕೂ ಸೇರದೆ ಊರಾಚೆ ಉಳಿದವರಿಗೆ ಆ ದೇಹದಲ್ಲಿ ಜಾಗವೇ ಇರಲಿಲ್ಲ. ಒಂದೇ ದೇಹ ಎಂದ ಕೂಡಲೇ ಯಾವ ಅಂಗ ಯಾವ ಅಂಗವನ್ನು ತುಳಿದಿದೆ ಎಂದು ಕೇಳುವುದು ಅಸಾಧ್ಯವಾಗುತ್ತದೆ. ಆರ್ಡ್‌ಗೆ ಪುರುಷಸೂಕ್ತದ ಉದ್ದೇಶ ಇಲ್ಲ, ನಿಜ. ಆದರೆ ಬಾಂಬು ಕಟ್ಟಿದ್ದು ಯಾರು? ಈ ಹುಡುಗನೇ? ಭೂಮಿಯ ಹೊಟ್ಟೆ ಬಗೆದು ಯುರೇನಿಯಂ ಹೊತ್ತ ಕಾಂಗೋದ ಕೂಲಿಯೂ, ಅದನ್ನು ಬಾಂಬು ಮಾಡಿದ ಸೇನಾಧಿಕಾರಿಯೂ ಒಂದೇ ಹುಡುಗನ ಎರಡು ಕೈಗಳೇ? ಮನುಕುಲಕ್ಕೆ ವಿವೇಕ ಸಾಲದು ಎಂಬ ವಾಕ್ಯದಲ್ಲಿ ಕೂಲಿಗೂ ಸಮಪಾಲು ಬೈಗುಳ ಬೀಳುತ್ತದೆ. ಕನ್ನಡಕ್ಕೆ ಈ ಪುಸ್ತಕ ತರುವವರಿಗೆ ಇನ್ನೊಂದು ತೊಡಕು ಕಾದಿದೆ. ನಾವು ಲೀಲಾಜಾಲವಾಗಿ ಬಳಸುವ 'ಮನುಕುಲ' ಎಂಬ ಪದವೇ ಮನುವಿನ ಕುಲ ಎಂದು ಹೇಳುತ್ತದೆ. ಯಾವ ಮನುವಿನ ಹೆಸರಿನ ಗ್ರಂಥವನ್ನು ಅದೇ ಮಹಾಡಿನಲ್ಲಿ 1927ರ ಡಿಸೆಂಬರ್ 25ರಂದು ಸುಡಲಾಯಿತೋ, ಅವನ ಕುಲದ ಉಳಿವಿಗಾಗಿ ನಾವು ಮರುಗಬೇಕು! ಬೇರೆ ಪದ ಹುಡುಕೋಣವೆಂದರೆ 'ಮನುಷ್ಯಜಾತಿ' ಸಿಗುತ್ತದೆ. ಅಲ್ಲೂ ಜಾತಿ ಕಾದು ಕೂತಿದೆ. ಪದಗಳ ಜೊತೆ ಆಟ ಆಡುತ್ತಿಲ್ಲ ನಾವು. ನಾವೆಲ್ಲ ಒಂದು ಎಂದು ಹೇಳಲು ನಮ್ಮ ಭಾಷೆಗೆ ಎಷ್ಟು ಕಷ್ಟ ಎಂಬುದಕ್ಕೆ ಇದು ಸಾಕ್ಷಿ.

ಈಗ 1945ರ ಜುಲೈ 16ಕ್ಕೆ ಬರೋಣ. ಪುಸ್ತಕದ ಎಲ್ಲ ಭಾರ ಆ ದಿನದ ಮೇಲೇ ಕೂತಿದೆ, ಆದ್ದರಿಂದ ನಮ್ಮ ವಿಮರ್ಶೆಯೂ ಅಲ್ಲೇ ನಿಲ್ಲಬೇಕು.

ಬೆಳಗಿನ 5 ಗಂಟೆ 29 ನಿಮಿಷ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಮರುಭೂಮಿ. ಮೊದಲ ಅಣುಬಾಂಬಿನ ಪರೀಕ್ಷೆ, ಟ್ರಿನಿಟಿ ಎಂದು ಹೆಸರು. ಇದಕ್ಕೆ 3 ವರ್ಷ ಮುಂಚೆ, 1942ರ ಬೇಸಿಗೆಯಲ್ಲಿ, ಎಡ್ವರ್ಡ್ ಟೆಲ್ಲರ್ ಒಂದು ಅನುಮಾನ ಎತ್ತಿದ್ದ: ಬಾಂಬಿನ ಉರಿಗೆ ಗಾಳಿಯೊಳಗಿನ ಸಾರಜನಕವೇ ಹೊತ್ತಿಕೊಂಡು ಇಡೀ ವಾತಾವರಣ ಉರಿದುಹೋದರೆ? ಹಾನ್ಸ್ ಬೆಥೆ ಲೆಕ್ಕ ಹಾಕಿ ಹಾಗಾಗದು ಎಂದ. ಆದರೂ ಲೆಕ್ಕ ಮತ್ತೆ ಮತ್ತೆ ಹಾಕಿದರು. ಪರೀಕ್ಷೆಯ ಮುನ್ನಾರಾತ್ರಿ ಎನ್ರಿಕೊ ಫರ್ಮಿ, ವಾತಾವರಣ ಹೊತ್ತಿಕೊಳ್ಳುತ್ತದೋ ಇಲ್ಲವೋ, ಹೊತ್ತಿಕೊಂಡರೆ ಬರೇ ನ್ಯೂ ಮೆಕ್ಸಿಕೋ ಸುಡುತ್ತದೋ ಇಡೀ ಲೋಕ ಸುಡುತ್ತದೋ ಎಂದು ಸಂಗಡಿಗರನ್ನು ಬಾಜಿಗೆ ಕರೆದ. ತಮಾಷೆಗೇ ಇರಬಹುದು. ಮನುಷ್ಯರು ತಮ್ಮದೇ ಕೆಲಸದಿಂದ ಎಲ್ಲರೂ ಸತ್ತೇವೆಯೇ ಎಂದು ಗಣಿತ ಮಾಡಿ ನೋಡಿದ್ದು ಇದೇ ಮೊದಲು ಎಂದು ಆರ್ಡ್ ಈ ಘಟನೆಗೆ ಬಲು ಮಹತ್ವ ಕೊಡುತ್ತಾನೆ. ಕೊಡಲೇಬೇಕು.

ಆದರೆ ಅಲ್ಲಿ ಇನ್ನೊಂದು ಲೆಕ್ಕ ಹಾಕಬಹುದಿತ್ತು. ಅದಕ್ಕೆ ಬೆಥೆಯ ಬುದ್ಧಿ ಬೇಕಿರಲಿಲ್ಲ. ಬಾಂಬಿನ ಗೋಪುರದಿಂದ 20 ಮೈಲಿಯ ಆಸುಪಾಸಿನಲ್ಲಿ ಮನೆಗಳಿದ್ದವು, ದನಕರುಗಳಿದ್ದವು. ಟುಲರೋಸಾ ಬಯಲಿನಲ್ಲಿ ಸ್ಪ್ಯಾನಿಷ್ ಮಾತಾಡುವ ರೈತರು, ದನಗಾಹಿಗಳು, ಮೂಲನಿವಾಸಿಗಳು ಇದ್ದರು. ಮನೆಯ ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಅದನ್ನೇ ಕುಡಿಯುತ್ತಿದ್ದರು. ಅವರಿಗೆ ಮುಂಚೆ ಯಾರೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಮದ್ದುಗುಂಡಿನ ಉಗ್ರಾಣ ಸಿಡಿಯಿತು, ಯಾರಿಗೂ ಏನೂ ಆಗಿಲ್ಲ ಎಂದು ಪತ್ರಿಕೆಗಳಿಗೆ ಸುಳ್ಳು ಪ್ರಕಟಣೆ ಹೋಯಿತು. ಬೂದಿ ಮಾಡಿನ ಮೇಲೆ ಬಿತ್ತು, ತೊಟ್ಟಿಗೆ ಇಳಿಯಿತು, ಹಾಲಿಗೆ ಬಂತು.

ನೋಡಿ ಗೆಳೆಯರೆ, ಎಂಥ ವಿಚಿತ್ರ! ಇಡೀ ಮನುಕುಲ ಸಾಯುತ್ತದೆಯೇ ಎಂದು ತಲೆ ಕೆಡಿಸಿಕೊಂಡ ಅದೇ ಜನಕ್ಕೆ 20 ಮೈಲಿ ಆಚೆ ಒಲೆ ಹಚ್ಚುತ್ತಿದ್ದ ಹೆಂಗಸು ಕಾಣಲಿಲ್ಲ. ಮನುಕುಲದ ಲೆಕ್ಕ ಹಾಕಿದರು, ಜನರ ಲೆಕ್ಕ ಬಿಟ್ಟರು. ಈ ಬಿಟ್ಟದ್ದು ಕಣ್ತಪ್ಪಿನಿಂದಲ್ಲ. ಮನುಕುಲ ಎನ್ನುವಾಗ ಅದರೊಳಗೆ ಲೆಕ್ಕ ಹಾಕುವವನೂ ಇದ್ದಾನೆ, ಅವನ ಹೆಂಡತಿ ಮಕ್ಕಳಿದ್ದಾರೆ. ಜನ ಎನ್ನುವಾಗ ಅವನಿಲ್ಲ. ಅಮೆರಿಕ ಸರ್ಕಾರ 1990ರಲ್ಲಿ ವಿಕಿರಣಕ್ಕೆ ಸಿಕ್ಕವರಿಗೆ ಪರಿಹಾರ ಕೊಡುವ ಕಾನೂನು ಮಾಡಿತು. ನೆವಾಡದ ಪರೀಕ್ಷೆಗಳ ಗಾಳಿ ಹೊಡೆದವರು ಅದರಲ್ಲಿ ಬಂದರು. ಎಲ್ಲಕ್ಕೂ ಮೊದಲ ಬಾಂಬಿನ ಗಾಳಿ ಕುಡಿದ ನ್ಯೂ ಮೆಕ್ಸಿಕೋದವರು ಹೊರಗೇ ಉಳಿದರು. ಅವರು 2005ರಲ್ಲಿ ಸಂಘ ಕಟ್ಟಿಕೊಂಡು, ಸತ್ತವರ ಹೆಸರು ಓದಿ ಮೇಣದ ಬತ್ತಿ ಹಚ್ಚಿ ಹೋರಾಡಿದರು. ಅವರು ಕಾನೂನಿನ ಒಳಗೆ ಬಂದದ್ದು 2025ರ ಜುಲೈಯಲ್ಲಿ. 80 ವರ್ಷ! ನಡುವೆ 2023ರಲ್ಲಿ ಕ್ರಿಸ್ಟಫರ್ ನೋಲನ್‌ನ 'ಓಪನ್‌ಹೈಮರ್' ಸಿನಿಮಾ ಬಂತು. ವಿಜ್ಞಾನಿಯ ಆತ್ಮಸಂಕಟ 3 ಗಂಟೆ ಕಾಲ ತೆರೆಯ ತುಂಬ ಹರಡಿಕೊಂಡಿತು. ನಮ್ಮ ನವ್ಯ ಕಥಾನಾಯಕ ಕೊನೆಗೂ ಹಾಲಿವುಡ್ ಸೇರಿದ ಅನ್ನಿ. ಟುಲರೋಸಾದ ತೊಟ್ಟಿ ಆ ತೆರೆಯ ಮೇಲೆ ಬರಲಿಲ್ಲ. 7 ಆಸ್ಕರ್ ಬಂತು.

ಇದೊಂದೇ ಕಡೆಯ ಕಥೆಯಲ್ಲ. 1954ರ ಮಾರ್ಚ್ 1ರಂದು ಮಾರ್ಷಲ್ ದ್ವೀಪಗಳಲ್ಲಿ ಸಿಡಿಸಿದ ಕ್ಯಾಸಲ್ ಬ್ರಾವೋ ಬಾಂಬು 6 ಮೆಗಾಟನ್ ಆಸುಪಾಸು ಇರುತ್ತದೆಂದು ಲೆಕ್ಕ ಹಾಕಿದ್ದರು, 15 ಮೆಗಾಟನ್ ಆಯಿತು. ವಿಜ್ಞಾನಿಗಳ ಗಣಿತವೂ ತಪ್ಪುತ್ತದೆ ಎಂಬುದಕ್ಕೆ ಆರ್ಡ್ ಇದನ್ನು ಉದಾಹರಣೆ ಕೊಡುತ್ತಾನೆ, ಸರಿಯಾಗಿಯೇ ಕೊಡುತ್ತಾನೆ. ರೊಂಗೆಲಾಪ್ ದ್ವೀಪದ ಮಕ್ಕಳು ಆಕಾಶದಿಂದ ಉದುರಿದ ಬಿಳಿ ಪುಡಿಯಲ್ಲಿ ಆಡಿದರು. ಎರಡು ದಿನ ಕಳೆದ ಮೇಲೆ ಅವರನ್ನು ಅಲ್ಲಿಂದ ಸಾಗಿಸಿದರು, 1957ರಲ್ಲಿ ಮತ್ತೆ ಅಲ್ಲಿಗೇ ಬಿಟ್ಟರು, 1985ರಲ್ಲಿ ಅವರು ತಾವಾಗಿ ಊರು ಬಿಟ್ಟು ಹೊರಟರು. ಪುಸ್ತಕಕ್ಕೆ ಮುಖ್ಯವಾದದ್ದು ತಪ್ಪಿದ ಲೆಕ್ಕ. ರೊಂಗೆಲಾಪಿನವರಿಗೆ ಮುಖ್ಯವಾದದ್ದು ತಪ್ಪಿದ ಊರು. ಇನ್ನು 1979ರ ಮಾರ್ಚಿಯಲ್ಲಿ ನಡೆದ ತ್ರೀ ಮೈಲ್ ಐಲೆಂಡ್ ಅವಘಡ ಲೋಕಕ್ಕೆಲ್ಲ ಗೊತ್ತು. ಅದೇ ವರ್ಷ ಜುಲೈ 16ರಂದು, ಟ್ರಿನಿಟಿಯ ದಿನವೇ, ಅದೇ ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ ಯುರೇನಿಯಂ ಗಣಿಯ ಕಟ್ಟೆ ಒಡೆದು ವಿಷದ ನೀರು ನವಾಹೋ ಜನ ಕುರಿಗಳಿಗೆ ನೀರು ಕುಡಿಸುವ ಹೊಳೆಗೆ ನುಗ್ಗಿತು. ಹೊರಬಿದ್ದ ವಿಕಿರಣ ತ್ರೀ ಮೈಲ್ ಐಲೆಂಡಿಗಿಂತ ಹೆಚ್ಚು. ಹೆಸರು ಎಷ್ಟು ಜನಕ್ಕೆ ಗೊತ್ತು?

ದೂರದ್ದನ್ನೇ ಹೇಳಿ ನಮ್ಮದನ್ನು ಮುಚ್ಚಿಟ್ಟುಕೊಳ್ಳುವುದು ಬೇಡ. 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತ ಮೊದಲ ಬಾಂಬು ಸಿಡಿಸಿತು. ಆ ತಂಡದ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. ಆ ಬಾಂಬಿಗೆ ನಗುವ ಬುದ್ಧನ ಹೆಸರು ಅಂಟಿಕೊಂಡಿತು. 1998ರ ಮೇ 11ರ ಪರೀಕ್ಷೆ ನಡೆದದ್ದು ಬುದ್ಧ ಪೂರ್ಣಿಮೆಯ ದಿನವೇ. 1956ರಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಹಿಂದೆ ಹೋಗಿ ಯಾರ ಮಡಿಲು ಸೇರಿದರೋ ಆ ಬುದ್ಧನನ್ನು ಬಾಂಬಿಗೆ ಹೆಸರಾಗಿ ಇಟ್ಟವರ ಸಾಹಿತ್ಯಪ್ರಜ್ಞೆಗೆ ಏನನ್ನಬೇಕು? ಇದಕ್ಕೆ ಉತ್ತರ ವಿಮರ್ಶಕರಿಂದ ಬರಲಿಲ್ಲ, ಗಣಿಯಿಂದ ಬಂತು. 1960ರ ದಶಕದಿಂದ ಯುರೇನಿಯಂ ತೆಗೆಯುತ್ತಿರುವ ಜಾದುಗೋಡ ಈಗ ಜಾರ್ಖಂಡಿನಲ್ಲಿದೆ. ಸಂತಾಲ, ಹೋ ಆದಿವಾಸಿಗಳ ನೆಲ. ಅಲ್ಲಿನ ಜನರ ರೋಗರುಜಿನದ ಬಗ್ಗೆ ಶ್ರೀಪ್ರಕಾಶ್ 1999ರಲ್ಲಿ ಮಾಡಿದ ಸಾಕ್ಷ್ಯಚಿತ್ರದ ಹೆಸರು 'ಬುದ್ಧ ವೀಪ್ಸ್ ಇನ್ ಜಾದುಗೋಡ'. ದಿಲ್ಲಿಯಲ್ಲಿ ನಕ್ಕ ಬುದ್ಧ ಜಾದುಗೋಡದಲ್ಲಿ ಅಳುತ್ತಾನೆ.

ಆರ್ಡ್‌ಗಿಂತ ಮೊದಲು ಈ ವಿಚಾರಕ್ಕೆ ಹೆಸರಿಟ್ಟವನು ನಿಕ್ ಬೋಸ್ಟ್ರಂ, 2002ರಲ್ಲಿ. 2005ರಲ್ಲಿ ಆಕ್ಸ್‌ಫರ್ಡಿನಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯನ್ನೂ ಕಟ್ಟಿದ. 2024ರಲ್ಲಿ ಅದು ಬಾಗಿಲು ಹಾಕಿತು. ಅವನ 2002ರ ಲೇಖನದಲ್ಲಿ ಮನುಷ್ಯರು ಈವರೆಗೆ ಕಂಡ ಕೇಡುಗಳ ಒಂದು ಪಟ್ಟಿ ಇದೆ. ಎರಡು ಮಹಾಯುದ್ಧ, ಸಿಡುಬು, ಪ್ಲೇಗು, ಏಡ್ಸ್, ಚೆರ್ನೋಬಿಲ್. ಆ ಪಟ್ಟಿಯಲ್ಲಿ ನಮ್ಮ ಭೋಪಾಲವೂ ಇದೆ. ಸಿಕ್ಕಿಬಿದ್ದವರಿಗೆ ಇವು ದುರಂತವೇ, ಆದರೆ ದೊಡ್ಡ ಚಿತ್ರದಲ್ಲಿ ನೋಡಿದರೆ ಬದುಕಿನ ಕಡಲ ಮೇಲಿನ ಸಣ್ಣ ತೆರೆಗಳಷ್ಟೇ ಎಂಬುದು ಆತನ ವಾದದ ಸಾರ. ಇದು ಕ್ರೌರ್ಯದಿಂದ ಬಂದ ಮಾತಲ್ಲ. ಅಲ್ಲವಾದ್ದರಿಂದಲೇ ಅಪಾಯಕಾರಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಎದ್ದ ಆ ಸಣ್ಣ ತೆರೆ ಇಳಿಯಲು ಎಷ್ಟು ಕಾಲ ಬೇಕಾಯಿತು? ಕಾರ್ಖಾನೆಯ ಅಂಗಳದಲ್ಲಿ ಕೊಳೆಯುತ್ತಿದ್ದ 337 ಟನ್ ವಿಷದ ಕಸವನ್ನು ಅಲ್ಲಿಂದ ಎತ್ತಿದ್ದೇ 2025ರಲ್ಲಿ. ಎತ್ತಿ ಹಾಕಿದ್ದು ಇನ್ನೊಂದು ಊರಿಗೆ, ಪೀಥಂಪುರಕ್ಕೆ. ಆ ಊರಿನವರು ಬೇಡವೆಂದು ಬೀದಿಗಿಳಿದರು.

ಪ್ಲೇಗಿನ ವಿಷಯಕ್ಕೆ ನಮಗೂ ಒಂದು ಮಾತಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅದಾದ ಮೇಲೆ ಗಾಳಿ ಬೆಳಕು ಚೆನ್ನಾಗಿರುವ ಅಗಲ ರಸ್ತೆಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಬಡವರ ಪಾಲಿಗೆ ಎದ್ದದ್ದು ಪ್ಲೇಗಮ್ಮನ ಗುಡಿ. ಇದೂ ಒಂದು ಚರಿತ್ರೆಯೇ. ಮಾರಿ ಎಲ್ಲರ ಮೇಲೂ ಬರುತ್ತದೆ, ಹೋಗುವಾಗ ಕೆಲವರಿಗೆ ಬಡಾವಣೆ ಕೊಟ್ಟು ಹೋಗುತ್ತದೆ. ಮನುಕುಲ ಚೇತರಿಸಿಕೊಂಡಿತು ಎಂದು ಬರೆದುಬಿಟ್ಟರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಲೆಕ್ಕದ ಇನ್ನೊಂದು ತುದಿ ಇನ್ನೂ ಜಾರು. ಮುಂದೆ ಕೋಟಿ ಕೋಟಿ ವರ್ಷ ಹುಟ್ಟಬಹುದಾದ ಜನರನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿದರೆ ಇವತ್ತಿನ ಯಾವ ಹಸಿವೂ ಇನ್ನೊಂದು ತಟ್ಟೆಯನ್ನು ಕೆಳಗಿಳಿಸಲಾರದು. ಹುಟ್ಟಲಿರುವವರ ಬಗ್ಗೆ ಕಳಕಳಿ ಬೇಡವೆಂದು ನಾವು ಹೇಳುವುದಿಲ್ಲ. 1982ರಲ್ಲಿ ಜೊನಾಥನ್ ಶೆಲ್ 'ದಿ ಫೇಟ್ ಆಫ್ ದಿ ಅರ್ತ್' ಬರೆದಾಗ, ಅಣುಯುದ್ಧ ಬದುಕಿರುವವರನ್ನಷ್ಟೇ ಅಲ್ಲ, ಹುಟ್ಟುವ ಸಾಧ್ಯತೆಯನ್ನೇ ಕೊಲ್ಲುತ್ತದೆ ಎಂದು ಎದೆ ನಡುಗುವಂತೆ ವಾದಿಸಿದ. ಆದರೆ ಶೆಲ್‌ನ ಮಾತು ಓದಿದವರು ಬಾಂಬಿನ ವಿರುದ್ಧ ಬೀದಿಗಿಳಿದರು. ಅದೇ ವರ್ಷ ಜೂನ್ 12ರಂದು ನ್ಯೂಯಾರ್ಕಿನಲ್ಲಿ ಸುಮಾರು 10 ಲಕ್ಷ ಜನ ಸೇರಿದರು. ಈಗಿನ ಸಾಹಿತ್ಯ ಓದಿದವರು ಎಲ್ಲಿ ಸೇರುತ್ತಾರೆ? ದುಡ್ಡಿದ್ದವರ ಕೋಣೆಯಲ್ಲಿ. ಈ ದೂರದ ಭವಿಷ್ಯದ ಹೆಸರಿನಲ್ಲಿ 2022ರಲ್ಲಿ ದೊಡ್ಡ ನಿಧಿ ತೆರೆದ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕಂಪನಿ ಅದೇ ವರ್ಷ ಮುಳುಗಿತು. ಅದರ ಒಡೆಯ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ ಗಿರಾಕಿಗಳ ಹಣ ನುಂಗಿದ್ದಕ್ಕೆ 2024ರಲ್ಲಿ 25 ವರ್ಷ ಜೈಲಾಯಿತು. ಒಬ್ಬ ಕಳ್ಳನಿಂದ ಒಂದು ವಿಚಾರ ಸುಳ್ಳಾಗುವುದಿಲ್ಲ, ಬಿಡಿ. ಹುಟ್ಟದ ಮಕ್ಕಳು ಮಾತ್ರ ಬಡ್ಡಿ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ, ಕೂಲಿ ಹೆಚ್ಚಿಸಿ ಎನ್ನುವುದಿಲ್ಲ. ಬಂಡವಾಳಕ್ಕೆ ಅವರಷ್ಟು ಒಳ್ಳೆಯ ಬಡವರು ಬೇರೆ ಸಿಗರು.

ಯಂತ್ರಬುದ್ಧಿಯ ಬಗ್ಗೆಯೂ ಇದೇ ಮಾತು. ಅದರಿಂದ ಮನುಕುಲ ಅಳಿಯುವ ಅಪಾಯವನ್ನು ಅಣುಯುದ್ಧ, ಸಾಂಕ್ರಾಮಿಕಗಳ ಸಾಲಿನಲ್ಲಿಟ್ಟು ತಡೆಯಬೇಕು ಎಂಬ ಒಂದೇ ವಾಕ್ಯದ ಹೇಳಿಕೆ 2023ರ ಮೇ ತಿಂಗಳಲ್ಲಿ ಹೊರಬಂತು. ಆ ಯಂತ್ರಗಳನ್ನು ಕಟ್ಟುವ ಕಂಪನಿಗಳ ಮುಖ್ಯಸ್ಥರೇ ಸಹಿ ಹಾಕಿದರು, ಸಹಿ ಹಾಕಿ ಮತ್ತೆ ಕಟ್ಟಲು ಹೋದರು. ಅಪಾಯ ಸುಳ್ಳೆಂದು ನಾವು ಹೇಳಲಾರೆವು. ಆ ವಿದ್ಯೆಯ ಹಿರಿಯರೇ ಹೆದರಿದ್ದಾರೆ. ಆದರೆ ಮನುಷ್ಯನನ್ನು ಎಲ್ಲದರಲ್ಲೂ ಮೀರಿಸುವ ಯಂತ್ರ ಇನ್ನೇನು ಬಂತು ಎನ್ನುವ ಕಾಲದಲ್ಲಿ, 2013ರ ಕಾನೂನು ಇದ್ದೂ, ನಮ್ಮ ಊರುಗಳ ಮ್ಯಾನ್‌ಹೋಲಿಗೆ ಇಳಿದು ಉಸಿರುಕಟ್ಟಿ ಸಾಯಲು ಮನುಷ್ಯನೇ ಬೇಕಾಗಿದ್ದಾನೆ. ಇಷ್ಟು ಬುದ್ಧಿವಂತ ಯಂತ್ರಕ್ಕೆ ಆ ಗುಂಡಿಯೊಂದು ಯಾಕೆ ಕಾಣುವುದಿಲ್ಲವೋ!

ಇಷ್ಟೆಲ್ಲ ಅಪಾಯದ ನಡುವೆ ಈವರೆಗೆ ಉಳಿದದ್ದು ಹೇಗೆ? ಪುಸ್ತಕದಲ್ಲಿ ನಮಗೆ ಬಹಳ ಹಿಡಿಸಿದ ಪುಟಗಳು ಇವು. 1962ರ ಅಕ್ಟೋಬರ್ 27ರಂದು ಕ್ಯೂಬಾದ ಬಳಿ ಸೋವಿಯತ್ ಜಲಾಂತರ್ಗಾಮಿಯೊಂದರ ಮೇಲೆ ಅಮೆರಿಕದವರು ಎಚ್ಚರಿಕೆಯ ಸಿಡಿಗುಂಡು ಹಾಕಿದರು. ಒಳಗೆ ಸೆಕೆ, ಉಸಿರಿಗೆ ಗಾಳಿಯಿಲ್ಲ, ಮೇಲೆ ಯುದ್ಧ ಶುರುವಾಗಿದೆಯೋ ಏನೋ ತಿಳಿಯದು. ಕ್ಯಾಪ್ಟನ್ ಅಣುಅಸ್ತ್ರ ಸಿದ್ಧ ಮಾಡಿ ಎಂದ. ವಾಸಿಲಿ ಅರ್ಖಿಪೋವ್ ಒಪ್ಪಲಿಲ್ಲ. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ 5 ಕ್ಷಿಪಣಿ ಹೊರಟಿವೆ ಎಂದು ಸೋವಿಯತ್ ಯಂತ್ರ ಹೇಳಿತು. ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಯಂತ್ರ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿ, ಸುಳ್ಳು ಎಚ್ಚರಿಕೆ ಎಂದೇ ಮೇಲಿನವರಿಗೆ ತಿಳಿಸಿದ. ಆಮೇಲೆ ಅವನಿಗೆ ಸಿಕ್ಕಿದ್ದು ಪದಕವಲ್ಲ. ದಿನಚರಿ ಪುಸ್ತಕ ಸರಿಯಾಗಿ ಬರೆಯಲಿಲ್ಲ ಎಂದು ಛೀಮಾರಿ. ಇದನ್ನು ಅದೃಷ್ಟ ಎಂದು ಪುಸ್ತಕ ಓದಿಕೊಳ್ಳುತ್ತದೆ. ನಾವು ಬೇರೆ ಹೆಸರಿಡುತ್ತೇವೆ. ಇದು ಬಂಡಾಯ. ವ್ಯವಸ್ಥೆ ಬರೆದಿಟ್ಟ ನಿಯಮವನ್ನು ನಿಯಮ ಅನ್ನುವ ಒಂದೇ ಕಾರಣಕ್ಕೆ ಪಾಲಿಸಲು ಒಪ್ಪದವರು ಎರಡು ಸಲ ಲೋಕ ಉಳಿಸಿದರು. ಮನುಕುಲದ ಉಳಿವಿಗೆ ಬೇಕಾದದ್ದು ವಿವೇಕ, ತಾಳ್ಮೆ, ಸಂಯಮ ಎಂದು ಆರ್ಡ್ ಗುಣಗಳ ಪಟ್ಟಿ ಮಾಡುತ್ತಾನೆ. ಅವನದೇ ಸಾಕ್ಷಿಗಳು ಹೇಳುವ ಗುಣ ಅದಲ್ಲ. ಅವಿಧೇಯತೆ.

ಕೊನೆಯದಾಗಿ ಪುಸ್ತಕದ ಐದನೆಯ ಅಧ್ಯಾಯಕ್ಕೆ ಬರಬೇಕು. ನಮಗೆ ಸಂಬಂಧಪಟ್ಟ ಮಾತು ಅಲ್ಲಿ ಕೆಲವೇ ಪುಟಗಳಲ್ಲಿ ಇದೆ. ಎಲ್ಲರೂ ಸಾಯುವುದೊಂದೇ ಕೊನೆಯಲ್ಲ, ಜನ ಬದುಕಿದ್ದೂ ಮತ್ತೆಂದೂ ಬಿಡಿಸಿಕೊಳ್ಳಲಾಗದ ಕೆಟ್ಟ ವ್ಯವಸ್ಥೆಯೊಳಗೆ ಬೀಗ ಬಿದ್ದರೆ ಅದೂ ಅಷ್ಟೇ ದೊಡ್ಡ ಕೇಡು ಎಂದು ಆರ್ಡ್ ಹೇಳುತ್ತಾನೆ. ಇದನ್ನು ಹೇಳಿದ್ದಕ್ಕೆ ಅವನಿಗೆ ಶರಣು. ಇಂಥ ಬೀಗ ಮೂರು ಬಗೆಯಲ್ಲಿ ಬೀಳಬಹುದಂತೆ: ಯಾರಿಗೂ ಬೇಡವಾಗಿದ್ದೂ ಒಳಗಿನ ಎಳೆತಗಳಿಂದ ತಾನಾಗಿ ಬೀಳುವುದು, ಕೆಲವರು ಬಲವಂತದಿಂದ ಹಾಕುವುದು, ಜನರೇ ಬಯಸಿ ಹಾಕಿಕೊಳ್ಳುವುದು. ಈ ಮೂರನ್ನೂ ಆತ ಮುಂದೆಂದೋ ಬರಬಹುದಾದ ಕಾಲದ ಚಿತ್ರಗಳಾಗಿ ಬರೆಯುತ್ತಾನೆ.

ಆದರೆ ಈ ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡಿದವರೊಬ್ಬರು 1936ರಲ್ಲೇ ಬರೆದಿದ್ದರು. ಜಾತಿಗಳು ಸುಮ್ಮನೆ ಬೇರೆ ಬೇರೆಯಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿವೆ, ಪ್ರತಿ ಜಾತಿಗೂ ತನಗಿಂತ ಕೆಳಗೆ ಇನ್ನೊಂದಿದೆ ಎಂಬ ಹೆಮ್ಮೆ ಇದೆ, ಹಾಗಾಗಿ ಎಲ್ಲರೂ ಒಟ್ಟಾಗಿ ಅದರ ಮೇಲೆ ಬೀಳುವುದು ಕಷ್ಟ — ಇದು 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಕಂಡುಕೊಂಡ ಸತ್ಯ. ಶ್ರೇಣೀಕೃತ ಅಸಮಾನತೆ ಎಂದು ಅವರು ಇದನ್ನು ಕರೆದರು. ಆರ್ಡ್‌ನ ಮೂರು ಬಗೆಗಳು ಇಲ್ಲಿ ಬೇರೆ ಬೇರೆ ಇಲ್ಲವೇ ಇಲ್ಲ. ಬಲವಂತವೂ ಇದೆ, ಬಯಕೆಯೂ ಇದೆ, ಯಾರೂ ಮಾಡದೆ ತಾನಾಗಿ ನಡೆಯುತ್ತದೆ ಎಂಬ ಭ್ರಮೆಯೂ ಇದೆ. ಮೇಲಿನವನ ಒದೆತವನ್ನು ಕೆಳಗಿನವನಿಗೆ ದಾಟಿಸುವ ಅವಕಾಶ ಇರುವತನಕ ಯಾರಿಗೂ ಬೀಗ ಬೀಗವಾಗಿ ಕಾಣುವುದಿಲ್ಲ. ಸಾವಿರಾರು ವರ್ಷ ಬಾಳಿದ ಬೀಗ ಇದು. ಇದಕ್ಕೆ ಗಣಕಯಂತ್ರ ಬೇಕಾಗಲಿಲ್ಲ, ಅಣುಬಾಂಬು ಬೇಕಾಗಲಿಲ್ಲ, ಒಂದು ಕೇಂದ್ರ ಸರ್ಕಾರವೂ ಬೇಕಾಗಲಿಲ್ಲ. ಬಿಡಿಸಲಾಗದ ವ್ಯವಸ್ಥೆಯನ್ನು ಅಭ್ಯಾಸ ಮಾಡಬೇಕೆಂದಿರುವ ಆಕ್ಸ್‌ಫರ್ಡಿನ ಪಂಡಿತರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಅದರೊಳಗಿನಿಂದ ಬೀಗಕ್ಕೆ ಗರಗಸ ಹಾಕುತ್ತ ಬಂದವರಿಗಿಂತ ಒಳ್ಳೆಯ ತಜ್ಞರು ಯಾರಿದ್ದಾರೆ?

ಪ್ರಳಯ ಬಂದರೆ ಎಲ್ಲವೂ ಅಳಿಸಿಹೋಗಿ ಉಳಿದವರು ಮೊದಲಿನಿಂದ ಶುರು ಮಾಡುತ್ತಾರೆ ಎಂದು ಅಂದುಕೊಳ್ಳುವುದು ಸುಲಭ. ಹಿರೋಶಿಮಾ ಬೇರೆ ಹೇಳುತ್ತದೆ. 1945ರ ಆಗಸ್ಟ್ 6ರಂದು ಆ ಊರಿನಲ್ಲಿ ಸತ್ತವರಲ್ಲಿ ಸಾವಿರಾರು ಕೊರಿಯನ್ನರಿದ್ದರು. ಜಪಾನಿನ ಆಳ್ವಿಕೆಯಲ್ಲಿದ್ದ ದೇಶದಿಂದ ಬಂದವರು, ಎಷ್ಟೋ ಜನ ದುಡಿಮೆಗೆಂದು ಬಲವಂತವಾಗಿ ಎಳೆತಂದವರು. ಬಾಂಬು ಜಪಾನಿ, ಕೊರಿಯನ್ ಎಂದು ನೋಡದೆ ಸುಟ್ಟಿತು. 1970ರಲ್ಲಿ ಕೊರಿಯನ್ನರು ತಮ್ಮ ಸತ್ತವರಿಗೆ ಒಂದು ಕಲ್ಲು ನಿಲ್ಲಿಸಿದರು. ಶಾಂತಿ ಉದ್ಯಾನದಲ್ಲಿ ಜಾಗ ಸಿಗಲಿಲ್ಲ, ಹೊಳೆಯಾಚೆ ನಿಲ್ಲಿಸಬೇಕಾಯಿತು. ಆ ಕಲ್ಲು ಹೊಳೆ ದಾಟಿ ಉದ್ಯಾನದೊಳಕ್ಕೆ ಬಂದದ್ದು 1999ರಲ್ಲಿ.